ಕಿಟಕಿಯ ಬಳಿ ಉಳಿದ ಬಂದೂಕು

ಬ್ಯಾಂಕಿನ ಒಳಗೆ ಒಬ್ಬ ಕೂತಿದ್ದಾನೆ. ರಸ್ತೆಯಾಚೆಯ ಪಾಳು ಹೋಟೆಲಿನ ಮೇಲಿನ ಮಹಡಿಯಲ್ಲಿ ಇನ್ನೊಬ್ಬ ರೈಫಲ್ಲಿನ ದುರ್ಬೀನಿಗೆ ಕಣ್ಣಿಟ್ಟು ಕಾಯುತ್ತಿದ್ದಾನೆ. ಒಳಗಿರುವವನು ಯಾವಾಗಲಾದರೂ ಹೊರಗೆ ಬರಲೇಬೇಕು, ಬಂದರೆ ಅವನ ಕಥೆ ಮುಗಿಯಿತು. ಆದರೆ ಅವನು ಬರುತ್ತಿಲ್ಲ. ಸುಮ್ಮನೆ ಕೂತೇ ಇದ್ದಾನೆ.

'ಅಸಾಸಿನ್ಸ್' ಚಿತ್ರದ ಈ ಒಂದು ಸನ್ನಿವೇಶ ಈ ವಾರವೆಲ್ಲ ತಲೆಯಿಂದ ಇಳಿದಿಲ್ಲ. 132 ನಿಮಿಷದ ಚಿತ್ರ ಮುಗಿದ ಮೇಲೆ ಈ ಭಾಗವನ್ನಷ್ಟೇ ಹಿಂದಕ್ಕೆ ಎಳೆದು ಎಳೆದು ನೋಡಿದ್ದಾಯಿತು. ಪ್ರತಿ ಸಲವೂ ಅದೇ ಸಂಕಟ: ಇಷ್ಟು ಗಟ್ಟಿಯಾದದ್ದನ್ನು ಕೈಯಲ್ಲಿಟ್ಟುಕೊಂಡು ಇವರು ಹೀಗೆ ಚೆಲ್ಲಿಬಿಟ್ಟರಲ್ಲ!

1995ರ ಚಿತ್ರ, ನಿರ್ದೇಶಕ ರಿಚರ್ಡ್ ಡಾನರ್. ಸಿಲ್ವೆಸ್ಟರ್ ಸ್ಟಲೋನ್ ಇಲ್ಲಿ ರಾಬರ್ಟ್ ರಾತ್, ಸುಪಾರಿ ಹಂತಕರಲ್ಲಿ ಮೊದಲ ಸ್ಥಾನದವನು. ಅವನಿಗೆ ಈ ಕೆಲಸ ಸಾಕಾಗಿದೆ. ಆಂಟೋನಿಯೊ ಬಾಂಡೆರಾಸ್ ಮಾಡಿರುವ ಮಿಗೆಲ್ ಬೇನ್‌ಗೆ ಆ ಮೊದಲ ಸ್ಥಾನ ಬೇಕು. ನಡುವೆ ಎಲೆಕ್ಟ್ರಾ, ಮಾಹಿತಿ ಕದ್ದು ಮಾರುವವಳು, ಜೂಲಿಯನ್ ಮೂರ್. ಹಿಂದೆ ರಾತ್ ಇದೇ ಹೋಟೆಲಿನ ಕಿಟಕಿಯಿಂದ, ಇದೇ ಬ್ಯಾಂಕಿನಿಂದ ಹೊರಬಂದ ನಿಕೊಲಾಯ್ ಎಂಬ ಹಳೆಯ ಹಂತಕನನ್ನು ಹೊಡೆದಿದ್ದ. ಆ ದಿನ ಕಾದು ಕಾದು ಅವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಈಗ ತಾನೇ ಬ್ಯಾಂಕಿನೊಳಗೆ ಕೂತು, ಅದನ್ನೇ ಬೇನ್‌ಗೆ ತಿರುಗಿಸಲು ಹೊರಟಿದ್ದಾನೆ.

ರಾತ್ ಎಲೆಕ್ಟ್ರಾಗೆ ಎಲ್ಲವನ್ನೂ ಮೊದಲೇ ಬಿಡಿಸಿ ಹೇಳುತ್ತಾನೆ. ಬೇನ್ ಆ ಕಿಟಕಿಗೇ ಬರುತ್ತಾನೆ, ಸೆಕೆಯಲ್ಲಿ ಗಂಟೆಗಟ್ಟಲೆ ಕಾಯುತ್ತಾನೆ, ಕೊನೆಗೆ ತಡೆಯಲಾರದೆ ಬ್ಯಾಂಕಿನೊಳಗೇ ಬಂದು ನೋಡುತ್ತಾನೆ. ಕಾವಲಿನವರು ಆಯುಧ ಒಳಗೆ ಬಿಡುವುದಿಲ್ಲ, ರೈಫಲ್ ಕಿಟಕಿಯ ಬಳಿಯೇ ಉಳಿಯುತ್ತದೆ, ಅದನ್ನು ಅವಳು ಎತ್ತಿಕೊಂಡುಬಿಡಬೇಕು. ತನ್ನದೇ ದೌರ್ಬಲ್ಯವನ್ನು ಇನ್ನೊಬ್ಬನ ಎದೆಗೆ ಗುರಿಯಿಡುವ ಉಪಾಯ ಇದು. ಹಂತಕರ ಚಿತ್ರಗಳಲ್ಲಿ ಇಂಥ ಉಪಾಯ ಅಪರೂಪ.

ಕಾಯುವುದು ಯಾಕೆ ಆಯುಧವಾಗುತ್ತದೆ ಎಂಬುದಕ್ಕೆ ಕಾರಣ ಕಣ್ಣಲ್ಲೇ ಇದೆ. ರೈಫಲ್ಲಿನ ದುರ್ಬೀನಿನಿಂದ ಕಣ್ಣು ಸುಮಾರು ಎಂಟು-ಒಂಬತ್ತು ಸೆಂಟಿಮೀಟರ್ ದೂರದಲ್ಲೇ ನಿಲ್ಲಬೇಕು. ತಲೆ ಅತ್ತಿತ್ತ ಜಾರಿದರೆ ಅಂಚಿನಲ್ಲಿ ಕಪ್ಪು ನೆರಳು ಕವಿಯುತ್ತದೆ. ಹಾಗಾಗಿ ಕುತ್ತಿಗೆ, ಕೆನ್ನೆ, ಭುಜ ಮೂರೂ ಒಂದೇ ಭಂಗಿಯಲ್ಲಿ ಬಿಗಿದುಕೊಂಡಿರಬೇಕು. ಹೊತ್ತು ಕಳೆದಂತೆ ಒಂದೇ ಜಾಗ ದಿಟ್ಟಿಸಿದ ಕಣ್ಣಿಗೆ ಇಲ್ಲದ್ದು ಕಾಣುತ್ತದೆ, ಇದ್ದದ್ದು ತಪ್ಪಿಹೋಗುತ್ತದೆ. ಸೈನ್ಯದ ಗುರಿಕಾರರು ಇದಕ್ಕೇ ಇಬ್ಬಿಬ್ಬರಾಗಿ ಹೋಗಿ ಸರದಿಯ ಮೇಲೆ ನೋಡುತ್ತಾರೆ. ಬಿಸಿಲೇರಿದ ಮೇಲೆ ರಸ್ತೆಯಿಂದ ಏಳುವ ಝಳ ದುರ್ಬೀನಿನಲ್ಲಿ ನೀರಿನ ಹಾಗೆ ಅಲುಗಾಡುತ್ತದೆ. ಬಾಗಿಲಿಂದ ಹೊರಬಂದ ಪ್ರತಿಯೊಬ್ಬನೂ ಅರೆಕ್ಷಣ ತಾನು ಕಾಯುತ್ತಿರುವವನ ಹಾಗೇ ಕಾಣುತ್ತಾನೆ. ಬೇನ್ ಒಂಟಿ. ಸರದಿ ಬದಲಿಸಲು ಯಾರೂ ಇಲ್ಲ. ನೀರು ಕುಡಿಯಲು ತಲೆ ಎತ್ತಿದ ಹತ್ತು ಸೆಕೆಂಡಿನಲ್ಲೇ ರಾತ್ ಹೊರಟುಹೋಗಿರಬಹುದು. ಒಮ್ಮೆ ಆ ಸಂಶಯ ಹೊಕ್ಕಿತೆಂದರೆ ಬ್ಯಾಂಕಿನ ಒಳಗೆ ಹೋಗಿ ಕಣ್ಣಾರೆ ನೋಡುವವರೆಗೆ ಬಿಡುವುದಿಲ್ಲ.

ಇದಿಷ್ಟೂ ಪರದೆಯ ಮೇಲೆ ಬರಬೇಕಿತ್ತು. ಬಂದದ್ದು ಬೆವರು, ಚಡಪಡಿಕೆ. ಬಾಂಡೆರಾಸ್ ಕುದಿಯುತ್ತಾರೆ, ಹಲ್ಲು ಕಚ್ಚುತ್ತಾರೆ, ನಿಂತಲ್ಲಿ ನಿಲ್ಲುವುದಿಲ್ಲ. ಮೊದಲ ಸಲ ತೋರಿಸಿದಾಗಲೇ ಅವನ ತಾಳ್ಮೆ ಕೆಟ್ಟುಹೋಗಿದ್ದರೆ ಆಮೇಲೆ ಕೆಡಲು ಉಳಿಯುವುದೇನು? ಕಾಯುವವನು ಮೊದಲು ಕಲ್ಲಿನ ಹಾಗೆ ಕೂತಿರಬೇಕು, ಆಮೇಲೆ ಒಂದು ಬೆರಳು ಅಲುಗಿದರೂ ನೋಡುವವರ ಎದೆ ಧಸಕ್ಕೆನ್ನುತ್ತದೆ.

ಬೆಳಕಿನ ಲೆಕ್ಕ ಇನ್ನೂ ಮುಖ್ಯ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಕಿಟಕಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಚೌಕ ನಾಲ್ಕು ಗಂಟೆಯಲ್ಲಿ ಕೋಣೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದುಹೋಗಿರುತ್ತದೆ. ಗಡಿಯಾರ ಬೇಡ, ಮಾತು ಬೇಡ, ಒಂದೇ ಕೋನದಿಂದ ತೆಗೆದ ನಾಲ್ಕು ಶಾಟ್ ಸಾಕು: ಬಿಸಿಲು ಬಾಗಿಲ ಹತ್ತಿರ, ಬಿಸಿಲು ನೆಲದ ನಡುವೆ, ಬಿಸಿಲು ಅವನ ಬೂಟಿನ ಮೇಲೆ, ಬಿಸಿಲು ಅವನ ಕುತ್ತಿಗೆಯ ಮೇಲೆ. ಕ್ಯಾಮೆರಾ ಹಿಂದೆ ಇದ್ದವರು ವಿಲ್ಮೋಸ್ ಝಿಗ್ಮಂಡ್, ಬೆಳಕನ್ನು ಬಲ್ಲವರಲ್ಲಿ ದೊಡ್ಡ ಹೆಸರು, ಆಸ್ಕರ್ ಪಡೆದವರು. ಪೋರ್ಟೊರಿಕೊದ ಸುಡುಬಿಸಿಲೂ ಸಿಕ್ಕಿತ್ತು. ಅವರಿಗೆ ಇದು ಎಡಗೈ ಕೆಲಸ. ಆದರೆ ಇಂಥ ಶಾಟ್ ಉಸಿರಾಡಲು ಹತ್ತು-ಹನ್ನೆರಡು ಸೆಕೆಂಡ್ ಬೇಕು. ಸಂಕಲನ ಅಷ್ಟು ಕೊಡುವುದಿಲ್ಲ. ಕೋಣೆ, ಬ್ಯಾಂಕು, ಎಲೆಕ್ಟ್ರಾ, ಮತ್ತೆ ಕೋಣೆ ಎಂದು ಹಾರುತ್ತಲೇ ಇರುತ್ತದೆ. ಅಷ್ಟು ಸಲ ಹಾರಿದ ಮೇಲೆ ನೋಡುವವರಿಗೆ ಕಾದ ಅನುಭವ ಬರುವುದೆಲ್ಲಿಂದ?

ಇದಕ್ಕಿಂತ ದೊಡ್ಡ ತಪ್ಪು ಮೊದಲೇ ಆಗಿಹೋಗಿದೆ. ಉಪಾಯವನ್ನು ಪ್ರೇಕ್ಷಕರಿಗೆ ಪೂರ್ತಿ ಹೇಳಿದರೆ ಅದು ಎಲ್ಲೋ ಒಂದು ಕಡೆ ಕೈಕೊಡಬೇಕು. ಕೈಕೊಡದೆ ನಡೆಯಬೇಕಾದರೆ ಹೇಳಬಾರದು. ಕಳ್ಳತನದ ಚಿತ್ರ ಬರೆಯುವವರು ಮೊದಲು ಕಲಿಯುವ ಪಾಠ ಇದು. ಇಲ್ಲಿ ರಾತ್ ಹೇಳಿದ್ದನ್ನೇ ಬೇನ್ ಸಾಲಾಗಿ ಮಾಡುತ್ತಾನೆ. ಆಮೇಲೆ ಕೈಕೊಡುತ್ತದೆ ನಿಜ, ಆದರೆ ಪಾಳು ಕಟ್ಟಡದ ನೆಲ ಕುಸಿದು ಎಲ್ಲ ಕಲಸಿಹೋಗುತ್ತದೆ. ಕೈಕೊಟ್ಟದ್ದು ಲಡ್ಡಾದ ಮರ. ಬೇನ್‌ನ ಬುದ್ಧಿಯೂ ಅಲ್ಲ, ರಾತ್‌ನ ತಪ್ಪು ಲೆಕ್ಕವೂ ಅಲ್ಲ. ಬೇನ್ ಬ್ಯಾಂಕಿಗೆ ಬರದೆ ಕಿಟಕಿಯಲ್ಲೇ ಉಳಿದುಬಿಟ್ಟಿದ್ದರೆ? ಆಗ ರಾತ್‌ಗೆ ತನ್ನನ್ನೇ ಅಳತೆಗೋಲು ಮಾಡಿಕೊಂಡದ್ದು ತಪ್ಪೆಂದು ಗೊತ್ತಾಗುತ್ತಿತ್ತು, ಹೆದರಿಕೆ ಅವನ ಕಡೆಗೆ ತಿರುಗುತ್ತಿತ್ತು.

ಪೈಪೋಟಿಯೇ ಸರಿಯಾಗಿ ಕೂತಿಲ್ಲ ಎಂಬುದು ಎರಡನೇ ಸಲ ನೋಡುವಾಗ ಎದ್ದು ಕಾಣುತ್ತದೆ. ರಾತ್ ಬಿಟ್ಟುಹೋಗಲು ತಯಾರಾಗಿದ್ದಾನೆ, ಬೇನ್ ಅದೇ ಜಾಗಕ್ಕಾಗಿ ಅವನನ್ನು ಕೊಲ್ಲಲು ಓಡಾಡುತ್ತಾನೆ. ಒಬ್ಬ ಎದ್ದು ಹೊರಟ ಕುರ್ಚಿಗೆ ಇನ್ನೊಬ್ಬ ಜಗಳ ತೆಗೆದ ಹಾಗೆ. ನಂಬರ್ ಒನ್ ಎಂಬ ಪಟ್ಟ ಬಾಯಿಮಾತಲ್ಲಿ ಬರುತ್ತದೆ, ಅದರಿಂದ ಯಾರಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬುದು ತಿಳಿಯುವುದಿಲ್ಲ. 1967ರಲ್ಲೇ ಜಪಾನಿನ ಸೈಜುನ್ ಸುಝುಕಿ 'ಬ್ರ್ಯಾಂಡೆಡ್ ಟು ಕಿಲ್' ಮಾಡಿದ್ದರು. ಅಲ್ಲೂ ಹಂತಕರಿಗೆ ಕ್ರಮಸಂಖ್ಯೆ ಇದೆ. ಮೂರನೆಯವನನ್ನು ಮೊದಲನೆಯವನು ಅವನ ಮನೆಯಲ್ಲೇ ದಿಗ್ಬಂಧನದಲ್ಲಿಟ್ಟು, ಕೊನೆಗೆ ತಾನೂ ಬಂದು ಅವನ ಜೊತೆಗೇ ಇದ್ದುಬಿಡುತ್ತಾನೆ. ಒಟ್ಟಿಗೆ ಊಟ, ಒಟ್ಟಿಗೆ ನಿದ್ದೆ, ಮಲಗಿದಾಗಲೂ ಕಣ್ಣು ತೆರೆದೇ ಇರುತ್ತದೆ. ಕೊಲ್ಲುವ ಮೊದಲು ಕಾಯಿಸಿ ಮುರಿಯುವುದು ಹೇಗೆಂದು ಸುಝುಕಿ ಕಪ್ಪು-ಬಿಳುಪಿನಲ್ಲಿ, ಒಂದೂವರೆ ಗಂಟೆಯಲ್ಲಿ ತೋರಿಸಿದ್ದಾರೆ. ಚಿತ್ರ ತಯಾರಿಸಿದ ಕಂಪನಿಗೆ ಅದು ಹಿಡಿಸದೆ ಅವರ ಕೆಲಸವೇ ಹೋಯಿತು ಎಂಬುದು ಈಗಲೂ ಹೊಟ್ಟೆ ಉರಿಸುವ ಮಾತು.

'ಅಸಾಸಿನ್ಸ್' ಪೂರ್ತಿ ಸತ್ವಹೀನ ಎನ್ನಲಾಗದು. ಸ್ಮಶಾನದ ದೃಶ್ಯ ಗಟ್ಟಿಯಾಗಿದೆ. ರಾತ್‌ನ ಕೈಗೆ ಹುಸಿ ಪ್ಲಾಸ್ಟರ್, ಅದರೊಳಗೆ ಪಿಸ್ತೂಲು. ಅವನು ಗುರಿಯಿಡುವಷ್ಟರಲ್ಲಿ ಬೇರೆ ಯಾರೋ ಹೊಡೆದುಬಿಡುತ್ತಾರೆ. ಮಾತಿಲ್ಲದೆ ಇಬ್ಬರ ಪರಿಚಯ ಆಗುತ್ತದೆ. ಟ್ಯಾಕ್ಸಿಯ ದೃಶ್ಯವೂ ಹಾಗೇ: ಮುಂದೆ ರಾತ್, ಹಿಂದೆ ಬೇನ್, ನಡುವೆ ಗುಂಡು ತಡೆಯುವ ಗಾಜು. ಇಬ್ಬರೂ ಒಂದೇ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿದ್ದಾರೆ, ಒಬ್ಬ ಇನ್ನೊಬ್ಬನನ್ನು ಮುಟ್ಟಲಾಗದು. ರಾತ್ ಚಿಕ್ಕ ಕ್ಯಾಲಿಬರಿನ ಪಿಸ್ತೂಲಿಗೆ ಸೈಲೆನ್ಸರ್ ಹಾಕುವುದೂ ಬಲ್ಲವರು ಆರಿಸಿದ್ದೇ. ಸೈಲೆನ್ಸರ್ ಸದ್ದನ್ನು ಸುಮಾರು 20ರಿಂದ 35 ಡೆಸಿಬಲ್ ಇಳಿಸುತ್ತದೆ ಅಷ್ಟೆ. ಗುಂಡು ಸೆಕೆಂಡಿಗೆ 340 ಮೀಟರ್ ದಾಟಿ ಹಾರಿದರೆ ಗಾಳಿ ಸೀಳುವ ಸದ್ದು ಬಂದೇ ಬರುತ್ತದೆ. ನಿಧಾನದ ಸಣ್ಣ ಗುಂಡಿಗೆ ಆ ತೊಂದರೆ ಇಲ್ಲ.

ಇಷ್ಟು ಎಚ್ಚರ ಇದ್ದವರು ಕೊನೆಯಲ್ಲಿ ನಿಕೊಲಾಯ್ ಬದುಕಿಯೇ ಇದ್ದಾನೆ, ಅಂದು ಗುಂಡುನಿರೋಧಕ ಅಂಗಿ ತೊಟ್ಟಿದ್ದ ಎಂದು ಒಂದು ಮಾತಲ್ಲಿ ಮುಗಿಸುತ್ತಾರೆ. ಅಂಗಿಯ ಒಳಗೆ ತೊಡುವ ಬಟ್ಟೆಯ ಕವಚ ಪಿಸ್ತೂಲಿನ ಗುಂಡಿಗೆ ಮಾಡಿದ್ದು. ರೈಫಲ್ ಗುಂಡು ನಿಲ್ಲಬೇಕಾದರೆ ಸೆರಾಮಿಕ್ ಅಥವಾ ಉಕ್ಕಿನ ಗಟ್ಟಿ ಫಲಕ ಬೇಕು. ಅದನ್ನು ಹೊತ್ತವನ ನಡಿಗೆ, ಕೂರುವ ರೀತಿ ಎರಡೂ ಬದಲಾಗುತ್ತವೆ. ಆ ಸೆಟೆದ ನಡಿಗೆಯನ್ನು ಹಳೆಯ ದೃಶ್ಯದ ಕಪ್ಪು-ಬಿಳುಪಿನ ತುಣುಕಿನಲ್ಲಿ ಒಮ್ಮೆ ಕಾಣಿಸಿದ್ದರೆ ಸಾಕಿತ್ತು. ಕಂಡೂ ಗುರುತಿಸಲಿಲ್ಲವಲ್ಲ ಎಂದು ರಾತ್ ಜೊತೆಗೆ ನೋಡುವವರೂ ಕೈ ಹಿಸುಕಿಕೊಳ್ಳುತ್ತಿದ್ದರು.

ಮೂಲ ಕಥೆ ವಾಚೊವ್ಸ್ಕಿಗಳದು, ಮುಂದೆ 1999ರಲ್ಲಿ 'ದ ಮೇಟ್ರಿಕ್ಸ್' ಮಾಡಿದವರೇ. ಡಾನರ್ ಆ ಚಿತ್ರಕಥೆಯನ್ನು ಬ್ರಯಾನ್ ಹೆಲ್ಗೆಲಂಡ್ ಕೈಯಲ್ಲಿ ತಿದ್ದಿಸಿದರು. ವಾಚೊವ್ಸ್ಕಿಗಳು ತಮ್ಮ ಹೆಸರು ತೆಗೆಸಲು ನೋಡಿದರು, ಆಗಲಿಲ್ಲ. ಡಾನರ್ ಮೇಲೆ ಸಿಟ್ಟು ಬರುವುದಿಲ್ಲ, ಬೇಸರ ಬರುತ್ತದೆ. ಜಗಳವಾಡುತ್ತಲೇ ಹತ್ತಿರವಾಗುವ ಜೋಡಿಗಳನ್ನು ಅವರಷ್ಟು ಚೆನ್ನಾಗಿ ನಡೆಸಿದವರು ಕಡಿಮೆ. ಆ ಕೈಗೆ ಮೌನ ಒಗ್ಗಲಿಲ್ಲ. ಸ್ಟಲೋನ್ ದನಿ ತಗ್ಗಿಸಿದ್ದಾರೆ, ಅದು ಸರಿಯಾದ ದಾರಿಯೇ. ಆದರೆ ಆ ಮುಖದ ಮೇಲೆ ಕ್ಯಾಮೆರಾ ನಿಲ್ಲಬೇಕಾದ ಹೊತ್ತಿಗೆ ಬೇರೆ ಕಡೆ ಹೋಗುತ್ತದೆ. ಬಾಂಡೆರಾಸ್ ಅತಿ ಮಾಡಿದ್ದಾರೆ ಎಂಬ ದೂರಿನಲ್ಲಿ ಅರ್ಧ ನಿರ್ದೇಶಕರ ಪಾಲು. ಮೂರ್ ಅವರಂಥ ನಟಿಗೆ ಒಂದು ಬೆಕ್ಕು, ಒಂದು ಕಂಪ್ಯೂಟರ್ ಕೊಟ್ಟು ಕೂರಿಸಿದ್ದು ಅನ್ಯಾಯವೇ.

ಮತ್ತೆ ಆ ಕಿಟಕಿಗೇ ಮನಸ್ಸು ಹೋಗುತ್ತದೆ. ಎರಡು ಸಲ ತೋರಿಸಬೇಕಿತ್ತು ಅದನ್ನು. ಚಿತ್ರದ ಶುರುವಿನಲ್ಲಿ ಹರೆಯದ ರಾತ್ ಅಲ್ಲಿ ಕಾಯುವುದು, ಒಂದು ಮಾತಿಲ್ಲದೆ, ಐದು ನಿಮಿಷ. ಎದ್ದು ಹೋಗಿಬಿಡೋಣ ಅನ್ನಿಸಿ ಬಂದೂಕಿನಿಂದ ಕೈ ತೆಗೆದು ಬಾಗಿಲವರೆಗೆ ಹೋದವನು, ವಾಪಸ್ ಬಂದು ಕೂರುತ್ತಾನೆ. ಕೊನೆಯಲ್ಲಿ ಅದೇ ಕೋನ, ಅದೇ ಬಿಸಿಲಿನ ಚೌಕ, ಕೂತವನು ಬೇನ್. ಎಲೆಕ್ಟ್ರಾಗೆ ಯಾವ ವಿವರಣೆಯೂ ಬೇಡ. ಬೇನ್ ಕೈ ತೆಗೆಯುತ್ತಾನೆ, ಬಾಗಿಲವರೆಗೆ ಹೋಗುತ್ತಾನೆ, ನಿಲ್ಲುತ್ತಾನೆ. ಕ್ಯಾಮೆರಾ ಕೋಣೆಯಲ್ಲೇ ಉಳಿಯುತ್ತದೆ. ಮೆಟ್ಟಿಲಿನ ಮೇಲೆ ಅವನ ಹೆಜ್ಜೆ ಸದ್ದು ಇಳಿಯುತ್ತಾ ಹೋಗುತ್ತದೆ. ಕಿಟಕಿಯ ಕಟ್ಟೆಯ ಮೇಲೆ ರೈಫಲ್, ಅದರ ಹಿಡಿಯವರೆಗೆ ಬಂದ ಬಿಸಿಲು.