ಬಾಯಿ ಬಿಡದ ಡ್ಯಾಶಿಯಲ್ ಹ್ಯಾಮೆಟ್

ಅಮೆರಿಕದ ಪತ್ತೇದಾರಿ ಕಾದಂಬರಿಕಾರ ಡ್ಯಾಶಿಯಲ್ ಹ್ಯಾಮೆಟ್ ಬರೆದ 'ದ ಮಾಲ್ಟೀಸ್ ಫಾಲ್ಕನ್' ಕಾದಂಬರೀನ ನಿನ್ನೆ ರಾತ್ರಿ ಮೂರನೇ ಸಲ ಓದಿ ಮುಗಿಸ್ದೆ. ಈ ಸಲಾನೂ ಶುರುವಿನಲ್ಲೇ ಬರೋ ಅದೇ ಪುಟದಲ್ಲಿ ಸಿಕ್ಕಾಕೊಂಡೆ. ಕತ್ತಲೆ ರೂಮಲ್ಲಿ ಫೋನ್ ಬಡ್ಕೊಳ್ಳತ್ತೆ, ಪಾರ್ಟ್ನರ್ ಸತ್ತ ಅಂತ ಸುದ್ದಿ ಬರತ್ತೆ, ಕತೆಯ ಡಿಟೆಕ್ಟಿವ್ ಸ್ಯಾಮ್ ಸ್ಪೇಡ್ ಲೈಟ್ ಹಾಕಿ ಮಂಚದ ಅಂಚಲ್ಲಿ ಕೂತು ಸಿಗರೇಟ್ ಸುತ್ತಕ್ಕೆ ಶುರು ಮಾಡ್ತಾನೆ. ತಂಬಾಕನ್ನ ಅಳತೆಯಾಗಿ ಉದುರಿಸಿ, ಎರಡೂ ತುದಿಗೆ ಸಮ ಬರೋ ಹಾಗೆ ಹರಡಿ, ಮಧ್ಯ ಒಂಚೂರು ತಗ್ಗು ಬಿಟ್ಟು, ಪೇಪರ್ ಸುತ್ತಿ ನಾಲಿಗೇಲಿ ಅಂಟಿಸ್ತಾನೆ. ಅವನಿಗೆ ದುಃಖ ಆಯ್ತಾ, ಸಿಟ್ಟು ಬಂತಾ, ಒಂದಕ್ಷರ ಹೇಳಲ್ಲ ಹ್ಯಾಮೆಟ್. ಆದ್ರೂ ಆ ಬೆರಳುಗಳನ್ನ ನೋಡ್ತಾ ನೋಡ್ತಾ ನಮಗೇ ಎದೆ ಭಾರ ಆಗತ್ತೆ.

ಈ ಕಣ್ಣು ಹ್ಯಾಮೆಟ್‌ಗೆ ಕೆಲಸದಿಂದ ಬಂದಿದ್ದು ಅಂತ ನನ್ನ ಅನಿಸಿಕೆ. 1894ರಲ್ಲಿ ಮೇರಿಲ್ಯಾಂಡಲ್ಲಿ ಹುಟ್ಟಿದವನು, ಹೈಸ್ಕೂಲೂ ಮುಗಿಸ್ದೆ ಚಿಕ್ಕ ವಯಸ್ಸಲ್ಲೇ ದುಡಿಯಕ್ಕೆ ಹೋದ, 1915ರಲ್ಲಿ ಬಾಲ್ಟಿಮೋರಲ್ಲಿ ಪಿಂಕರ್ಟನ್ ಡಿಟೆಕ್ಟಿವ್ ಏಜೆನ್ಸಿ ಸೇರಿದ. ಜನರ ಹಿಂದೆ ನೆರಳಿನ ಹಾಗೆ ಓಡಾಡೋದು, ಕಂಡಿದ್ದನ್ನ ರಿಪೋರ್ಟ್ ಬರೆಯೋದು. ಕಣ್ಣಿಗೆ ಬಿದ್ದಿದ್ದಷ್ಟೇ ಬರೀಬೇಕು, ಎದುರಿನವನ ಮನಸ್ಸಲ್ಲಿ ಏನಿತ್ತು ಅಂತ ಊಹಿಸಿ ಬರೆಯಂಗಿಲ್ಲ, ಅಲ್ವಾ. ಮಧ್ಯ ಮೊದಲ ಮಹಾಯುದ್ಧಕ್ಕೆ ಸೈನ್ಯ ಸೇರಿ, ಅಲ್ಲೇ ಇನ್ಫ್ಲುಯೆಂಜಾ ಬಂದು, ಅದು ಟಿಬಿಗೆ ತಿರುಗಿ, ಕೊನೆಗೆ ಡಿಟೆಕ್ಟಿವ್ ಕೆಲಸ ಮಾಡೋ ತ್ರಾಣಾನೇ ಹೋಯ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆಂಡತಿ, ಮಗು ಇಟ್ಕೊಂಡು 'ಬ್ಲ್ಯಾಕ್ ಮಾಸ್ಕ್' ಅನ್ನೋ ಅಗ್ಗದ ಪತ್ರಿಕೆಗೆ ಕತೆ ಬರೆಯಕ್ಕೆ ಕೂತ.

ಆಮೇಲೆ 1929ರಿಂದ 1934ರೊಳಗೆ ಐದು ಕಾದಂಬರಿ. ಐದೇ. 'ದ ಥಿನ್ ಮ್ಯಾನ್' ಆದ್ಮೇಲೆ 1961ರಲ್ಲಿ ಸಾಯೋವರೆಗೂ, ಇಪ್ಪತ್ತಾರು ವರ್ಷಕ್ಕೂ ಜಾಸ್ತಿ, ಇನ್ನೊಂದು ಕಾದಂಬರಿ ಹೊರಗೆ ಬರ್ಲಿಲ್ಲ. ಕುಡಿತ ಅಂತಾರೆ, ಹಾಲಿವುಡ್ ದುಡ್ಡು ಅಂತಾರೆ, ಕಾಯಿಲೆ ಅಂತಾರೆ. ಎಲ್ಲಾನೂ ಸ್ವಲ್ಪ ಸ್ವಲ್ಪ ಇರಬಹುದು. ಆದ್ರೆ ಅವನು ಸುಮ್ನೆ ಕೈಕಟ್ಟಿ ಕೂತಿರ್ಲಿಲ್ಲ. 1942ರಲ್ಲಿ, ಹಾಳಾದ ಶ್ವಾಸಕೋಶ ಇಟ್ಕೊಂಡು, 48ನೇ ವಯಸ್ಸಲ್ಲಿ ಮತ್ತೆ ಸಾಮಾನ್ಯ ಸೈನಿಕನಾಗಿ ಸೇರಿ ಅಲಾಸ್ಕಾದ ಅಲ್ಯೂಷಿಯನ್ ದ್ವೀಪದಲ್ಲಿ ಸೈನಿಕರ ಪೇಪರ್ ನಡೆಸ್ದ.

ನನ್ನನ್ನ ತುಂಬಾ ಕಾಡೋದು 1951. ಸಿವಿಲ್ ರೈಟ್ಸ್ ಕಾಂಗ್ರೆಸ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆಯ ಜಾಮೀನು ನಿಧಿಗೆ ಅವನು ಟ್ರಸ್ಟಿ. ಜಾಮೀನಿನ ಮೇಲಿದ್ದ ಕಮ್ಯುನಿಸ್ಟ್ ನಾಯಕರು ತಲೆ ಮರೆಸ್ಕೊಂಡಾಗ, ನಿಧಿಗೆ ದುಡ್ಡು ಕೊಟ್ಟವರು ಯಾರು ಅಂತ ಕೋರ್ಟಲ್ಲಿ ಕೇಳಿದ್ರು. ಹೇಳಲಿಲ್ಲ. ಆರು ತಿಂಗಳು ಶಿಕ್ಷೆ ಆಯ್ತು, ಸುಮಾರು ಐದು ತಿಂಗಳು ಜೈಲಲ್ಲಿ ಕಳೆದ. ಬೇರೆಯವರ ಬಾಯಿ ಬಿಡಿಸೋದನ್ನೇ ಕಸುಬು ಮಾಡ್ಕೊಂಡಿದ್ದ ಮನುಷ್ಯ, ತನ್ನ ಸರದಿ ಬಂದಾಗ ತುಟಿ ಬಿಚ್ಚಲಿಲ್ಲ. ಹೊರಗೆ ಬಂದ್ಮೇಲೆ ಆರೋಗ್ಯ ಇಲ್ಲ, ದುಡ್ಡಿಲ್ಲ, ತೆರಿಗೆ ಬಾಕಿಗೆ ಸರ್ಕಾರ ಅವನ ಆದಾಯದ ಮೇಲೆ ಕೈ ಇಟ್ಟಿತ್ತು. ಎರಡು ಮಹಾಯುದ್ಧದ ಕಾಲದಲ್ಲೂ ಸೈನ್ಯದಲ್ಲಿದ್ದವನು ಅನ್ನೋ ಹಕ್ಕಲ್ಲಿ ಕೊನೆಗೆ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲೇ ಮಣ್ಣಾದ.

ಕೊನೆಗಾಲದಲ್ಲಿ ಶುರು ಮಾಡಿ ಅರ್ಧಕ್ಕೇ ಬಿಟ್ಟ 'ಟ್ಯೂಲಿಪ್' ಅಂತ ಒಂದು ಕಾದಂಬರಿ ಇದೆ, ಬರೆಯೋದು ನಿಲ್ಲಿಸಿದ ಬರಹಗಾರನ ಕತೆ. ಇವತ್ತು ರಾತ್ರಿ ಅದನ್ನ ಹಿಡಿತೀನಿ.