ಮರ್ಕ್ಸ್ ಇರುವಾಗ ಜಿಮೊಂಡಿ ಯಾಕೆ?

ಸೈಕಲ್ ರೇಸ್ ಬಗ್ಗೆ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. "ನಿಮಗೆ ಹಳೇ ಕಾಲದ ರೇಸ್ ಅಂದ್ರೆ ಪ್ರಾಣ. ಆ ಕಾಲದ ರಾಜ ಬೆಲ್ಜಿಯಂನ ಎಡಿ ಮರ್ಕ್ಸ್ ಅಲ್ವಾ? ಅವನನ್ನು ಬಿಟ್ಟು, ಅವನ ಹಿಂದೆ ಬರ್ತಿದ್ದ ಇಟಲಿಯ ಫೆಲಿಚೆ ಜಿಮೊಂಡಿಯನ್ನ ಯಾಕೆ ಹಿಡ್ಕೊಂಡಿದ್ದೀರಿ?" ಇಷ್ಟು ದಿನ ಅರ್ಧಂಬರ್ಧ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದೆ. ಇವತ್ತು ಕೂತು ಪೂರ್ತಿ ಬರೆಯುತ್ತೇನೆ.

ಮೊದಲು ಇದನ್ನು ಹೇಳಬೇಕು: ಮರ್ಕ್ಸ್ ಬರುವ ತನಕ ಮುಂದೆ ಇದ್ದವನೇ ಜಿಮೊಂಡಿ. ಹುಟ್ಟಿದ್ದು 1942ರಲ್ಲಿ, ಬೆರ್ಗಮೊ ಹತ್ತಿರದ ಸೆದ್ರಿನಾ ಅನ್ನೋ ಬೆಟ್ಟದೂರಲ್ಲಿ. ಫೆಲಿಚೆ ಅಂದರೆ ಇಟಾಲಿಯನ್ ಭಾಷೆಯಲ್ಲಿ ಸಂತೋಷವಾಗಿರುವವನು. ನಮ್ಮಲ್ಲಿ ಸಂತೋಷ ಅಂತ ಹೆಸರಿಡುವುದಿಲ್ಲವೇ, ಹಾಗೆ. ಅಮ್ಮ ಅಂಚೆ ಹಂಚುತ್ತಿದ್ದರು, ಸೈಕಲ್ ಮೇಲೆ. ಆ ಸೈಕಲ್ಲನ್ನೇ ತುಳಿದು, ಅಮ್ಮನ ಜೊತೆ ಕಾಗದ ಹಂಚಿ ಬೆಳೆದ ಹುಡುಗ ಇವನು.

1965ರಲ್ಲಿ ಸಾಲ್ವರಾನಿ ತಂಡಕ್ಕೆ ಸೇರಿದ. ಸಾಲ್ವರಾನಿ ಅಂದರೆ ಪಾರ್ಮಾ ಕಡೆಯ, ಅಡುಗೆಮನೆಯ ಕಪಾಟುಗಳನ್ನು ಮಾಡುವ ಕಂಪನಿ. ಫ್ರಾನ್ಸ್ ಸುತ್ತುವ ಮೂರು ವಾರದ ರೇಸ್ ಟೂರ್ ದ ಫ್ರಾನ್ಸ್‌ಗೆ ಆ ವರ್ಷ ಇವನು ಹೋಗಬೇಕಾಗಿಯೇ ಇರಲಿಲ್ಲ. ಕೊನೇ ಗಳಿಗೆಯಲ್ಲಿ ಬೇರೆಯವರ ಜಾಗಕ್ಕೆ ಕರೆದರು. ತಂಡದ ನಾಯಕ ವಿತ್ತೋರಿಯೊ ಅದೋರ್ನಿ ಕಾಯಿಲೆ ಬಿದ್ದು ರೇಸ್ ಬಿಟ್ಟ. ಹೊಸಬ, ಟೂರ್‌ನಲ್ಲಿ ಮುಂದಿರುವವನು ಹಾಕುವ ಹಳದಿ ಜೆರ್ಸಿ ಹಾಕಿಕೊಂಡು, ಫ್ರಾನ್ಸ್‌ನ ಕಣ್ಮಣಿ ರೇಮೋ ಪುಲಿಡೋರ್‌ನನ್ನು ಸೋಲಿಸಿ ಪ್ಯಾರಿಸ್ ತಲುಪಿದ. ಆಗ ವಯಸ್ಸು 22. ಮುಂದಿನ ವರ್ಷ ಪ್ಯಾರಿಸ್–ರೂಬೆಯ ಕಲ್ಲುಹಾಸಿನ ರೇಸ್ ಗೆದ್ದ. 1967ರಲ್ಲಿ ಇಟಲಿಯ ಜಿರೊ ದ ಇಟಾಲಿಯಾ, 1968ರ ಮೇನಲ್ಲಿ ಸ್ಪೇನ್‌ನ ವುಯೆಲ್ಟಾ. ಟೂರ್, ಜಿರೊ, ವುಯೆಲ್ಟಾ, ಈ ಮೂರು ದೊಡ್ಡ ರೇಸ್‌ಗಳನ್ನೂ ಗೆದ್ದವನು ಅಲ್ಲಿಯವರೆಗೆ ಜಾಕ್ ಆಂಕ್ವೆಟಿಲ್ ಒಬ್ಬನೇ. ಇವನು ಎರಡನೆಯವನು.

ಆ ವುಯೆಲ್ಟಾ ಗೆದ್ದು ಮೂರು ವಾರ ಕಳೆದಿತ್ತಷ್ಟೆ. 1968ರ ಜೂನ್ 1, ಜಿರೊದಲ್ಲಿ ತ್ರೆ ಚಿಮೆ ದಿ ಲಾವರೆದೊ ಅನ್ನೋ ಕಡಿದಾದ ಏರು. ಹಿಮ ಬೀಳುತ್ತಿತ್ತು. ಮರ್ಕ್ಸ್ ಮುಂದೆ ಹೋದವರನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದು, ದಾಟಿ, ಒಬ್ಬನೇ ಮೇಲೆ ತಲುಪಿದ. ಜಿಮೊಂಡಿ ಬರುವಾಗ ಆರು ನಿಮಿಷಕ್ಕೂ ಜಾಸ್ತಿ ಆಗಿತ್ತು. ಅಂತಿಮ ಗೆರೆ ದಾಟಿ ಅತ್ತುಬಿಟ್ಟ. ಇನ್ನೂ 25 ವರ್ಷದ ಹುಡುಗ. ತನಗಿಂತ ದೊಡ್ಡವನು ಬಂದಿದ್ದಾನೆ, ಅವನು ವಯಸ್ಸಲ್ಲಿ ತನಗಿಂತ ಚಿಕ್ಕವನು, ಇನ್ನು ಹತ್ತು ವರ್ಷ ಅವನ ಜೊತೆಯೇ ಓಡಿಸಬೇಕು. ಇದು ಅರ್ಥವಾದ ಮೇಲೆ ಒಬ್ಬ ಮನುಷ್ಯ ಏನು ಮಾಡುತ್ತಾನೆ? ನನ್ನನ್ನು ಹಿಡಿದಿಟ್ಟಿರುವುದು ಈ ಪ್ರಶ್ನೆಯೇ.

ಅವನು ಏನು ಮಾಡಿದ ಅನ್ನೋದು ಮಾರನೇ ವರ್ಷವೇ ಕಂಡಿತು. 1969ರ ಜಿರೊದಲ್ಲಿ ಗುಲಾಬಿ ಜೆರ್ಸಿ, ಅಂದರೆ ಅಲ್ಲಿ ಮುಂದಿರುವವನು ಹಾಕುವ ಜೆರ್ಸಿ, ಮರ್ಕ್ಸ್ ಮೈಮೇಲಿತ್ತು. ಸವೋನಾದಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಅಂತ ಅವನನ್ನು ಹೊರಗೆ ಹಾಕಿದರು. ಹೋಟೆಲ್ ಮಂಚದ ಮೇಲೆ ಕೂತು ಮರ್ಕ್ಸ್ ಕ್ಯಾಮೆರಾ ಎದುರೇ ಅಳುತ್ತಿದ್ದ. ಈಗ ಮೊದಲ ಸ್ಥಾನ ಜಿಮೊಂಡಿಯದು. ಆದರೆ ಆ ದಿನ ಗುಲಾಬಿ ಜೆರ್ಸಿ ಹಾಕಿಕೊಳ್ಳಲು ಅವನು ಒಪ್ಪಲಿಲ್ಲ. ಹಿಂದಿನ ವರ್ಷದ ಜಿರೊದಲ್ಲಿ ಇಂಥದ್ದೇ ಪರೀಕ್ಷೆಯಲ್ಲಿ ಇವನ ಹೆಸರೂ ಬಂದು, ಆಮೇಲೆ ತಪ್ಪಿಲ್ಲ ಅಂತ ತೀರ್ಮಾನವಾಗಿತ್ತು. ಆ ಸಂಕಟ ಅವನಿಗೆ ಗೊತ್ತಿತ್ತು. ಮರ್ಕ್ಸ್ ಮೇಲಿನ ನಿಷೇಧವನ್ನೂ ಬೇಗ ತೆಗೆದರು. ಆ ಜಿರೊ ಕೊನೆಗೆ ಜಿಮೊಂಡಿ ಹೆಸರಿಗೇ ಬಂತು. ಐವತ್ತು ವರ್ಷದ ನಂತರ, 2019ರ ಆಗಸ್ಟ್‌ನಲ್ಲಿ, ಸಿಸಿಲಿಯ ಸಮುದ್ರದಲ್ಲಿ ಈಜುವಾಗ ಹೃದಯಾಘಾತವಾಗಿ ಜಿಮೊಂಡಿ ತೀರಿಕೊಂಡ. ಈ ಸಲ ಸೋತವನು ನಾನು ಅಂದ ಮರ್ಕ್ಸ್.

ಆ 1969ರ ಜಿರೊದಿಂದ ಮುಂದೆ ಜಿಮೊಂಡಿ ರೇಸ್ ಓಡಿಸುವ ರೀತಿಯೇ ಬದಲಾಯಿತು. ದಾಳಿ ಮಾಡಿ ಮರ್ಕ್ಸ್‌ನನ್ನು ಬಿಟ್ಟುಹೋಗುವುದು ಆಗದ ಮಾತು. ಹಾಗಾಗಿ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು, ಗಾಳಿಗೆ ಮರೆಯಾಗಿ, ಕಾಯುವುದನ್ನು ಕಲಿತ. ಸೋಲು ಬೇಕಾದಷ್ಟು ಬಂತು. 1970 ಮತ್ತು 1973ರ ಜಿರೊ, 1972ರ ಟೂರ್, ಮೂರರಲ್ಲೂ ಮರ್ಕ್ಸ್ ಮೊದಲು, ಇವನು ಎರಡನೆಯವನು.

ಆದರೆ 1973ರ ವಿಶ್ವ ಚಾಂಪಿಯನ್‌ಷಿಪ್ ನೋಡಿ. ಬಾರ್ಸಿಲೋನಾದ ಮೊಂಜುಯಿಕ್ ಗುಡ್ಡ. ಕೊನೆಗೆ ಉಳಿದವರು ನಾಲ್ಕೇ ಜನ: ಬೆಲ್ಜಿಯಂನ ಮರ್ಕ್ಸ್ ಮತ್ತು ಫ್ರೆಡ್ಡಿ ಮಾರ್ಟೆನ್ಸ್, ಸ್ಪೇನ್‌ನ ಲೂಯಿಸ್ ಒಕಾನ್ಯಾ, ಜಿಮೊಂಡಿ. ನಾಲ್ವರಲ್ಲಿ ಜಿಮೊಂಡಿ ಗೆಲ್ಲುತ್ತಾನೆ ಅಂತ ಯಾರು ಹೇಳುತ್ತಿದ್ದರು? ಸ್ಪ್ರಿಂಟ್, ಅಂದರೆ ಗೆರೆಯ ಹತ್ತಿರದ ಕೊನೇ ನುಗ್ಗಾಟ, ಶುರುವಾದಾಗ ಮಾರ್ಟೆನ್ಸ್ ಮರ್ಕ್ಸ್‌ಗಾಗಿ ದಾರಿ ಮಾಡುತ್ತಿದ್ದ. ಮರ್ಕ್ಸ್ ಕಾಲಲ್ಲಿ ಏನೂ ಉಳಿದಿರಲಿಲ್ಲ. ಆ ಗೊಂದಲದ ಒಂದೆರಡು ಸೆಕೆಂಡಲ್ಲೇ ಜಿಮೊಂಡಿ ಪಕ್ಕದಿಂದ ನುಗ್ಗಿಬಿಟ್ಟ. ಮಾರ್ಟೆನ್ಸ್ ಎರಡನೆಯವನು, ಒಕಾನ್ಯಾ ಮೂರು, ಮರ್ಕ್ಸ್ ನಾಲ್ಕು. ಯಾರ ತಪ್ಪಿನಿಂದ ಸೋತೆವು ಅಂತ ಆ ಇಬ್ಬರು ಬೆಲ್ಜಿಯನ್ನರು ಎಷ್ಟೋ ವರ್ಷ ಜಗಳವಾಡಿದರು. ಆ ಸ್ಪ್ರಿಂಟ್‌ನ ಹಳೇ ವಿಡಿಯೋ ಈಗಲೂ ಆಗಾಗ ಹಾಕಿಕೊಂಡು ನೋಡುತ್ತೇನೆ. ಗೊತ್ತಿದ್ದರೂ ಪ್ರತಿ ಸಲ ಎದೆ ಹೊಡೆದುಕೊಳ್ಳುತ್ತದೆ. ಮುಂದಿನ ವರ್ಷ ವಿಶ್ವ ಚಾಂಪಿಯನ್ ಹಾಕುವ ಕಾಮನಬಿಲ್ಲಿನ ಜೆರ್ಸಿಯಲ್ಲೇ ಇಟಲಿಯ ಮಿಲಾನ್–ಸಾನ್ ರೆಮೊ ರೇಸ್ ಕೂಡ ಗೆದ್ದ.

ಜಿರೊದಲ್ಲಿ ಮೊದಲ ಮೂರರೊಳಗೆ ಒಂಬತ್ತು ಸಲ ಬಂದ. ಒಂಬತ್ತನೆಯದು 1976ರಲ್ಲಿ. ಆಗ 33 ವರ್ಷ. ಇಟಲಿಯ ಸೈಕಲ್ ಕಂಪನಿ ಬಿಯಾಂಕಿಯ ತಿಳಿ ಹಸಿರು-ನೀಲಿ ಬಣ್ಣದ ಸೈಕಲ್. ಇವನ ಕಾಲ ಮುಗಿಯಿತು ಅಂತ ಎಲ್ಲರೂ ಬರೆದಿಟ್ಟಿದ್ದರು. ರೇಸ್ ಮುಗಿಯಲು ಇನ್ನೊಂದೇ ದಿನ ಬಾಕಿ ಇರುವಾಗ ದಾರಿ ಬೆರ್ಗಮೊಗೆ ಬಂತು, ಚಿಕ್ಕಂದಿನಲ್ಲಿ ಕಾಗದ ಹಂಚಿದ ಊರಿನ ಪಕ್ಕಕ್ಕೇ. ಅಲ್ಲಿ ಸ್ಪ್ರಿಂಟ್‌ನಲ್ಲಿ ಮರ್ಕ್ಸ್‌ನನ್ನು ಸೋಲಿಸಿದ. ಮಾರನೇ ದಿನ ಆರ್ಕೊರೆಯ ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಹಂತ) ಗುಲಾಬಿ ಜೆರ್ಸಿ ಇವನ ಪಾಲಾಯಿತು. ಎರಡನೆಯವನಾದ ಯೋಹಾನ್ ಡಿ ಮೈಂಕ್‌ಗೂ ಇವನಿಗೂ ಇದ್ದ ಅಂತರ 19 ಸೆಕೆಂಡು. ಮರ್ಕ್ಸ್ ಆ ವರ್ಷ ಎಂಟನೆಯವನು.