ಇಲಿ ಹಿಡಿದು ನೆಲ ಅಗೆಯುವ ಊರು

ಕಾಂಬೋಡಿಯಾದ ಸಿಯೆಮ್ ರೀಪ್‌ನಿಂದ ಬಾಂತೆಯ್ ಸ್ರೇ ದೇವಸ್ಥಾನಕ್ಕೆ ಹೋಗುವ ದಾರಿ. ಬೆಳಗ್ಗೆ ಏಳೂವರೆ. ಎಳನೀರು ಜಾಸ್ತಿ ಕುಡಿದಿದ್ದೆ. ಟುಕ್‌ಟುಕ್ ನಿಲ್ಲಿಸಿ, ಸುಮ್ನೆ ಪೊದೆ ಮರೆಗೆ ಹೋಗಿ ಬರೋಣ ಎಂದು ಇಳಿದೆ. ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದರು. ಭಾವ.

"ಟಾರು ಬಿಟ್ಟು ಇಳೀಬೇಡ ಕಣೋ."

"ಭಾವ, ಅರ್ಜೆಂಟು."

"ಅರ್ಜೆಂಟಾದ್ರೆ ಇಲ್ಲೇ ಅಂಚಲ್ಲಿ ನಿಂತ್ಕೋ. ನಿನ್ನ ಯಾರು ನೋಡ್ತಾರೆ?"

ಡ್ರೈವರ್ ಹುಡುಗ ಬಿದ್ದು ಬಿದ್ದು ನಕ್ಕ. ಇಲ್ಲಿ ಹೂತಿದ್ದ ನೆಲಬಾಂಬ್‌ಗಳನ್ನೆಲ್ಲ ಯಾವತ್ತೋ ತೆಗೆದಾಗಿದೆ, ಧೈರ್ಯವಾಗಿ ಹೋಗಿ ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ. ಭಾವ ಅಂಗಿ ಬಿಡಲಿಲ್ಲ. ಕೊನೆಗೆ ಟಾರಿನ ಅಂಚಲ್ಲೇ ನನ್ನ ಕೆಲಸ ಮುಗಿಯಿತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಹಾಸನದ ಕಡೆಯವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ಗೆ, ಅಂದರೆ ಸೈನ್ಯದ ಎಂಜಿನಿಯರ್ ದಳಕ್ಕೆ ಸೇರಿ, ಹವಾಲ್ದಾರ್ ಆಗಿ ರಿಟೈರ್ ಆದವರು. ಮಾತು ಕಮ್ಮಿ. ಅಂಕೋರ್ ವಾಟ್ ನೋಡಬೇಕು ಎನ್ನುವುದು ಅಕ್ಕನ ಆಸೆ. ಹೊರಡುವ ಹೊತ್ತಿಗೆ ಅವಳಿಗೆ ಮಂಡಿನೋವು ಕೆರಳಿತು. ಟಿಕೆಟ್ ಹಾಳಾಗಬಾರದು ಎಂದು ಅವಳ ಜಾಗಕ್ಕೆ ನಾನು ಬಂದೆ. 2024ರ ಡಿಸೆಂಬರ್. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಸಿಯೆಮ್ ರೀಪ್. ಹೊಸ ವಿಮಾನ ನಿಲ್ದಾಣ ಊರಿನಿಂದ 50 ಕಿಲೋಮೀಟರ್ ದೂರ. ನಮ್ಮ ದೇವನಹಳ್ಳಿ ನೆನಪಾಯಿತು. ಮೊದಲ ದಿನ ಅಂಕೋರ್ ವಾಟ್ ಮುಗಿಸಿದೆವು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಬರೆಯುವುದಿಲ್ಲ.

ಬಾಂತೆಯ್ ಸ್ರೇ ಚಿಕ್ಕ ದೇವಸ್ಥಾನ. 967ರಲ್ಲಿ ಪ್ರತಿಷ್ಠೆ ಆದದ್ದು. ಕೆಂಪು ಕಲ್ಲು. ಬೇಲೂರು ನೋಡಿದ ಕಣ್ಣಿಗೂ ಆ ಕೆತ್ತನೆ ಸಾಲದು ಅನ್ನಿಸುವುದಿಲ್ಲ. ಆದರೆ ಅವತ್ತು ಅರ್ಧ ಗಂಟೆಯಲ್ಲೇ ಹೊರಟೆವು. ವಾಪಸ್ ಬರುವ ದಾರಿಯಲ್ಲಿ, ಐದಾರು ಕಿಲೋಮೀಟರ್ ಈಚೆ, ನೆಲಬಾಂಬ್‌ಗಳ ಮ್ಯೂಸಿಯಂ ಇದೆ. ಇಡೀ ಪ್ರವಾಸದಲ್ಲಿ ಭಾವ ಬಾಯಿಬಿಟ್ಟು ಕೇಳಿದ ಜಾಗ ಅದೊಂದೇ.

ಬಾಗಿಲಲ್ಲೇ ಖಾಲಿ ಬಾಂಬ್‌ಗಳ ಕವಚಗಳು ಸಾಲಾಗಿ ನಿಂತಿವೆ. ಒಳಗೆ ಒಂದು ಕೊಳ, ಅದರ ಮೇಲೆ ಗಾಜಿನ ಮಂಟಪ. ಮಂಟಪದ ತುಂಬ ನೆಲಬಾಂಬ್‌ಗಳು, ಸಂತೆಯಲ್ಲಿ ತೆಂಗಿನಕಾಯಿ ರಾಶಿ ಹಾಕಿದ ಹಾಗೆ. ಎಲ್ಲವೂ ಮದ್ದು ತೆಗೆದವು. ಇವನ್ನು ಕೂಡಿಹಾಕಿದ ಮನುಷ್ಯ ಆಕಿ ರಾ. ಹುಟ್ಟಿದ ವರ್ಷ ಅವರಿಗೇ ಸರಿಯಾಗಿ ಗೊತ್ತಿಲ್ಲ. ಅಪ್ಪ ಅಮ್ಮನನ್ನು ಖ್ಮೇರ್ ರೂಜ್, ಅಂದರೆ ಆಗ ದೇಶ ಆಳುತ್ತಿದ್ದ ಪೋಲ್ ಪಾಟ್‌ನ ಕಮ್ಯುನಿಸ್ಟ್ ಪಡೆ, ಕೊಂದಿತು. ಅದೇ ಖ್ಮೇರ್ ರೂಜ್ ಈ ಹುಡುಗನ ಕೈಗೆ ಬಂದೂಕು ಕೊಟ್ಟಿತು, ನೆಲಬಾಂಬ್ ಹೂಳುವುದನ್ನು ಕಲಿಸಿತು. ಆಮೇಲೆ ವಿಯೆಟ್ನಾಂ ಸೈನ್ಯ ಹಿಡಿದುಕೊಂಡು ಹೋಗಿ ತನ್ನ ಕಡೆಗೆ ಹೂಳಿಸಿತು. ಕೊನೆಗೆ ಕಾಂಬೋಡಿಯಾ ಸೈನ್ಯ. 1990ರ ದಶಕದ ಮೊದಲಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂದಾಗ ತೆಗೆಯುವ ಕೆಲಸಕ್ಕೆ ಸೇರಿದರು. ನಂತರ ಎಷ್ಟೋ ವರ್ಷ ಒಬ್ಬರೇ, ಒಂದು ಕೋಲು, ಒಂದು ಚಾಕು ಹಿಡಿದು, ತಾವೇ ಹೂತಿದ್ದ ಊರುಗಳಿಗೆ ಹೋಗಿ ತೆಗೆದರು. ಜನ ನೋಡಲಿ ಎಂದು ಮನೆಯಲ್ಲಿ ಇಟ್ಟುಕೊಂಡದ್ದೇ ಮ್ಯೂಸಿಯಂ ಆಯಿತು.

ಗಾಜಿನ ಮುಂದೆ ಭಾವ ಬೆರಳು ತೋರಿಸಿ ಹೆಸರು ಹೇಳತೊಡಗಿದರು. ಫಲಕ ನೋಡದೆ.

"ಇದು ಪಿಎಂಎನ್, ರಷ್ಯಾದ್ದು. ಇದು ಅದರ ತಮ್ಮ, ಪಿಎಂಎನ್-2. ಮೇಲೆ ಕಪ್ಪು ಪ್ಲಸ್ ಗುರುತು ಇದ್ಯಲ್ಲ, ಅದನ್ನ ತುಳಿದ್ರೆ ಆಯ್ತು. ಇದು ಚೀನಾದ 72. ಎಲ್ಲ ಪ್ಲಾಸ್ಟಿಕ್ಕು. ಲೋಹ ಇರೋದೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಡಿಟೆಕ್ಟರ್ ಕೂಗಲ್ಲ."

ಚೀನಾದ್ದು ನನ್ನ ಅಂಗೈಯಲ್ಲಿ ಕೂರುವಷ್ಟಿತ್ತು. ಅಮ್ಮನ ಕುಂಕುಮದ ಭರಣಿಯ ಹಾಗೆ. ಅದರೊಳಗಿನ ಮದ್ದು 50 ಗ್ರಾಂ ಆಸುಪಾಸು. ಪಿಎಂಎನ್‌ನಲ್ಲಿ 240 ಗ್ರಾಂ. ಒಂದು ಪಾದ ತೆಗೆಯುವುದಕ್ಕೂ ಮಂಡಿವರೆಗೆ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ ಎಂದರು ಭಾವ. ಪಕ್ಕದಲ್ಲಿ ಮರದ ಗೂಟಕ್ಕೆ ಸಿಕ್ಕಿಸಿದ ಎರಕದ ಕಬ್ಬಿಣದ ತುಂಡೊಂದು ಇತ್ತು. ಅದರಿಂದ ಹುಲ್ಲಿನ ಮಧ್ಯೆ ತಂತಿ ಎಳೆದು ಕಟ್ಟುತ್ತಾರೆ. ತಂತಿ ಎಡವಿದರೆ ಕಬ್ಬಿಣ ಚೂರಾಗಿ ನಾಲ್ಕೂ ಕಡೆ ಹಾರುತ್ತದೆ.

"ಸಾಯಿಸೋಕಲ್ಲ ಇದು," ಎಂದರು. "ಸತ್ತೋನ್ನ ಬಿಟ್ಟು ಮುಂದಕ್ಕೆ ಹೋಗ್ಬಹುದು. ಕಾಲು ಹೋದೋನು ಕೂಗ್ತಾ ಇರ್ತಾನೆ. ಹೊತ್ಕೊಂಡು ಹೋಗೋಕೆ ನಾಲ್ಕು ಜನ ಬೇಕು. ಒಂದೇ ಏಟಿಗೆ ಐದು ಜನ ಕಮ್ಮಿ."

ಲೆಕ್ಕ ಹೇಳುವವರ ದನಿ. ನನಗೆ ಸ್ವಲ್ಪ ಸಿಟ್ಟೇ ಬಂತು.

ಮರದ ಕೆಳಗಿನ ಬೆಂಚಿನ ಮೇಲೆ ಕೂತಾಗ ಕೇಳಿದೆ, ಇದನ್ನು ಮೊದಲು ಯಾರು ಶುರುಮಾಡಿದರು ಎಂದು. ಭಾವ ಪಾಠ ಶುರುಮಾಡಿದರು. ಹಿಂದೆ ಕೋಟೆ ಬೀಳಿಸುವುದಕ್ಕೆ ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ತುಂಬುತ್ತಿದ್ದರಲ್ಲ, ಅದೇ 'ಮೈನ್'. ಆ ಕೆಲಸದವರೇ ಸ್ಯಾಪರ್ಸ್ ಆಂಡ್ ಮೈನರ್ಸ್. ಅವರ ದಳದ ಹಳೆಯ ಹೆಸರಲ್ಲೂ ಅದೇ ಇತ್ತು. ಕಾಲು ಇಟ್ಟರೆ ತಾನೇ ಸಿಡಿಯುವಂಥದ್ದು ಯುದ್ಧದಲ್ಲಿ ದೊಡ್ಡದಾಗಿ ಸುದ್ದಿಯಾದದ್ದು ಅಮೆರಿಕದ ಅಂತರ್ಯುದ್ಧದಲ್ಲಿ. 1862ರ ಮೇ ತಿಂಗಳು, ವರ್ಜೀನಿಯಾದ ಯಾರ್ಕ್‌ಟೌನ್. ದಕ್ಷಿಣದವರ ಸೈನ್ಯ ಊರು ಬಿಟ್ಟು ಹಿಂದೆ ಸರಿಯಿತು. ಹೋಗುವಾಗ ಅವರ ಜನರಲ್ ಗೇಬ್ರಿಯಲ್ ರೇನ್ಸ್ ದಾರಿಯಲ್ಲಿ ತೋಪಿನ ಗುಂಡುಗಳನ್ನು ಹೂತು ಹೋದ. ಉತ್ತರದವರು ಕೊತಕೊತ ಕುದಿದರು. ಸೆರೆಸಿಕ್ಕ ದಕ್ಷಿಣದ ಸೈನಿಕರ ಕೈಯಲ್ಲೇ ಅವನ್ನು ಅಗೆಸಿದರು. ತಮಾಷೆ ಏನು ಗೊತ್ತಾ, ದಕ್ಷಿಣದವರದ್ದೇ ಇನ್ನೊಬ್ಬ ಜನರಲ್ ಲಾಂಗ್‌ಸ್ಟ್ರೀಟ್ ಇದು ಸರಿಯಾದ ಯುದ್ಧವಲ್ಲ ಎಂದು ರೇನ್ಸ್‌ಗೆ ತಡೆಹಾಕಿದ. ಆಗಿನ ಸೈನಿಕರಿಗೂ ಇದು ಹೇಸಿಗೆ ಅನ್ನಿಸಿತ್ತು.

ಆಮೇಲೆ ಟ್ಯಾಂಕ್ ಬಂತು. ಅದನ್ನು ನಿಲ್ಲಿಸುವುದಕ್ಕೆ ದೊಡ್ಡ ಬಾಂಬ್ ಹೂತರು. ಅದರ ಮೇಲೆ ಮನುಷ್ಯ ನಡೆದರೆ ಸಿಡಿಯುವುದಿಲ್ಲ. ಹಾಗಾಗಿ ಎದುರಾಳಿ ರಾತ್ರಿ ಬಂದು ಆರಾಮಾಗಿ ಕಿತ್ತುಕೊಂಡು ಹೋಗುತ್ತಿದ್ದ. ಅವನನ್ನು ತಡೆಯಲು ಸುತ್ತ ಚಿಕ್ಕವನ್ನು ಹೂತರು. ಅಂದರೆ ಕಾಲು ತೆಗೆಯುವ ಈ ಭರಣಿಗಳು ದೊಡ್ಡ ಬಾಂಬ್‌ಗೆ ಕಾವಲುಗಾರರಾಗಿ ಹೊಲಕ್ಕೆ ಇಳಿದವು. 1942ರಲ್ಲಿ ಈಜಿಪ್ಟಿನ ಅಲ್ ಅಲಮೈನ್‌ನಲ್ಲಿ ಜರ್ಮನಿಯ ಸೇನಾನಿ ರೊಮೆಲ್‌ನ ಸೈನ್ಯ ಸುಮಾರು ಐದು ಲಕ್ಷ ಹೂತಿತು. ಅದಕ್ಕೆ ಅವರು ಇಟ್ಟ ಹೆಸರು 'ಸೈತಾನನ ತೋಟ'. ಆ ಯುದ್ಧ ಮುಗಿದು ಎಷ್ಟೋ ದಶಕಗಳಾದ ಮೇಲೂ ಅಲ್ಲಿ ಕುರಿ ಮೇಯಿಸುವವರ ಕಾಲು ಹೋಗುತ್ತಲೇ ಇದ್ದವು.

"ನಮ್ಮೂರ ಹೆಸರೂ ಇದ್ರಲ್ಲಿದೆ," ಎಂದು ಭಾವ ಸ್ವಲ್ಪ ಎದೆ ಉಬ್ಬಿಸಿದರು. ಬ್ಯಾಂಗಲೋರ್ ಟಾರ್ಪಿಡೊ. 1912ರಲ್ಲಿ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಎಂಬ ಬ್ರಿಟಿಷ್ ಅಧಿಕಾರಿ ನಮ್ಮ ಬೆಂಗಳೂರಿನಲ್ಲಿ, ಇದೇ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದಾಗ ಮಾಡಿದ್ದು. ಮದ್ದು ತುಂಬಿದ ಕೊಳವೆ. ಒಂದಕ್ಕೊಂದು ತಿರುಗಿಸಿ ಸೇರಿಸುತ್ತಾ, ಮರೆಯಲ್ಲಿ ಮಲಗಿಕೊಂಡೇ ಮುಂದಕ್ಕೆ ತಳ್ಳುವುದು. ಹಚ್ಚಿದರೆ ಮುಳ್ಳುತಂತಿ ಹರಿದು, ದಾರಿಯಲ್ಲಿರುವ ಬಾಂಬ್‌ಗಳು ಸಿಡಿದು, ಒಬ್ಬ ನುಸುಳುವಷ್ಟು ದಾರಿ ಆಗುತ್ತದೆ. 1944ರ ಜೂನ್ 6ರಂದು ಫ್ರಾನ್ಸಿನ ಒಮಾಹಾ ಕಡಲತೀರದಲ್ಲಿ ಇಳಿದ ಅಮೆರಿಕದ ಸೈನಿಕರ ಕೈಯಲ್ಲೂ ಇದೇ ಇತ್ತು.

ಒಳಗಿನ ಒಂದು ಕೋಣೆಯಲ್ಲಿ ಕಾಂಬೋಡಿಯಾದ ನಕ್ಷೆ. ಥಾಯ್ಲೆಂಡ್ ಗಡಿಯ ಉದ್ದಕ್ಕೂ ಗುರುತು. 1979ರಲ್ಲಿ ವಿಯೆಟ್ನಾಂ ಬಂದು ಪೋಲ್ ಪಾಟ್‌ನನ್ನು ಓಡಿಸಿತು. ಖ್ಮೇರ್ ರೂಜ್‌ನವರು ಗಡಿಯ ಕಾಡು ಸೇರಿದರು. ಅವರು ಮತ್ತೆ ಒಳಗೆ ಬರಬಾರದು ಎಂದು 1980ರ ದಶಕದಲ್ಲಿ ವಿಯೆಟ್ನಾಂ ಕೂರಿಸಿದ ಸರ್ಕಾರ ಗಡಿಗುಂಟ ನೂರಾರು ಕಿಲೋಮೀಟರ್ ನೆಲಬಾಂಬ್‌ನ ಬೇಲಿ ಹಾಕಿಸಿತು. ಕೆ5 ಎಂದು ಅದರ ಹೆಸರು. ಹಳ್ಳಿಯವರನ್ನು ಎಳೆದು ತಂದು ಕಾಡು ಕಡಿಸಿದರು. ಮಲೇರಿಯಾದಲ್ಲಿ ಸತ್ತವರು ಲೆಕ್ಕವಿಲ್ಲ. ಆ ಕಡೆಯಿಂದ ಖ್ಮೇರ್ ರೂಜ್ ಹೂತಿತು, ಈ ಕಡೆಯಿಂದ ಸರ್ಕಾರ ಹೂತಿತು, ಮಧ್ಯದ ಬೇರೆ ಪಂಗಡಗಳೂ ಹೂತವು. ಇವತ್ತು ಒಬ್ಬರು ಹಿಡಿದ ಊರನ್ನು ನಾಳೆ ಇನ್ನೊಬ್ಬರು ಹಿಡಿದಾಗ, ಹಳೆಯದರ ಮೇಲೇ ಹೊಸದು. 1996ರ ಒಂದೇ ವರ್ಷದಲ್ಲಿ ಸತ್ತವರು, ಗಾಯಗೊಂಡವರು ಸೇರಿ 4,320 ಜನ. ಈಚೆಗೆ ವರ್ಷಕ್ಕೆ ನೂರರ ಒಳಗೆ ಇಳಿದಿದೆ.

ಅದರಲ್ಲಿ ನನ್ನನ್ನು ಕಾಡಿದ್ದು ಟ್ರ್ಯಾಕ್ಟರ್‌ಗಳ ಮಾತು. ಮನುಷ್ಯರು ಎಷ್ಟು ವರ್ಷ ನಡೆದಾಡಿದರೂ ಸಿಡಿಯದ ಟ್ಯಾಂಕ್ ಬಾಂಬ್, ಊರಿಗೆ ಸ್ವಲ್ಪ ದುಡ್ಡು ಬಂದು ಯಾರೋ ಟ್ರ್ಯಾಕ್ಟರ್ ಕೊಂಡ ದಿನ ಸಿಡಿಯುತ್ತದೆ. ನಮ್ಮ ಕಡೆ ಯುಗಾದಿ ಆದ ಮೇಲೆ ಹೊನ್ನಾರು ಕಟ್ಟುತ್ತೇವೆ. ವರ್ಷದ ಮೊದಲ ಸಾಲು. ಎತ್ತಿಗೆ ಅರಿಶಿನ, ನೇಗಿಲಿಗೆ ಪೂಜೆ. ಅಪ್ಪ ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿಯುತ್ತಿದ್ದರು. ಇಲ್ಲಿಯ ರೈತರು ಮೊದಲ ಸಾಲು ಹೊಡೆಯುವಾಗ ಯಾವ ದೇವರನ್ನು ನೆನೆಯುತ್ತಾರೋ.

"ಇದು ಯುದ್ಧ ಅಲ್ಲ ಕಣೋ," ಎಂದರು ಭಾವ ನಕ್ಷೆಯ ಮುಂದೆ. "ಹೂತ್ರೆ ಲೆಕ್ಕ ಇಡ್ಬೇಕು. ಸಾಲು ಎಷ್ಟು, ಸಾಲಿಗೆ ಎಷ್ಟು, ಎಲ್ಲಿಂದ ಎಷ್ಟು ಹೆಜ್ಜೆ. ನಕ್ಷೆ ಬರೀಬೇಕು, ಬೇಲಿ ಹಾಕ್ಬೇಕು. ಇವ್ರು ಬೀಜ ಎರಚಿದ ಹಂಗೆ ಎರಚಿದ್ದಾರೆ."

"ಲೆಕ್ಕ ಇಟ್ರೆ ಸರಿನಾ ಭಾವ?"

ಉತ್ತರ ಕೊಡಲಿಲ್ಲ.

ಮಾರನೇ ದಿನ ಅಪೋಪೊ ಕೇಂದ್ರಕ್ಕೆ ಹೋದೆವು. ಇದು ಬೆಲ್ಜಿಯಂನ ಬಾರ್ಟ್ ವೇಟ್ಯೆನ್ಸ್ 1997ರಲ್ಲಿ ಶುರುಮಾಡಿದ ಸಂಸ್ಥೆ. ನೆಲಬಾಂಬ್ ಹುಡುಕಲು ಇಲಿಗಳನ್ನು ಪಳಗಿಸುತ್ತದೆ. ಇಲಿ ಎಂದರೆ ನಮ್ಮ ಅಡುಗೆಮನೆಯದ್ದಲ್ಲ. ಆಫ್ರಿಕಾದ್ದು, ಒಂದು ಕಿಲೋಗಿಂತ ಜಾಸ್ತಿ ತೂಕ, ಬಾಲ ಸೇರಿ ಮೊಳಕ್ಕಿಂತ ಉದ್ದ. ಹೆಗ್ಗಣ ಎಂದರೆ ಸರಿ. ಟಾಂಜಾನಿಯಾದಲ್ಲಿ ತಿಂಗಳುಗಟ್ಟಲೆ ತರಬೇತಿ. ಮದ್ದಿನ ವಾಸನೆ ಹಿಡಿದು ನೆಲ ಕೆರೆದರೆ 'ಟಿಕ್' ಎಂಬ ಸದ್ದು, ಜೊತೆಗೆ ಬಾಳೆಹಣ್ಣು. ಅಷ್ಟಕ್ಕೆ ಕಲಿಯುತ್ತವೆ. ಕಬ್ಬಿಣದ ಡಬ್ಬಿ, ಮೊಳೆ, ತಂತಿ ಯಾವುದಕ್ಕೂ ತಿರುಗಿ ನೋಡುವುದಿಲ್ಲ. ಡಿಟೆಕ್ಟರ್ ಹಿಡಿದ ಮನುಷ್ಯ ಪ್ರತಿ ಮೊಳೆಗೂ ಮಂಡಿಯೂರಿ ಅಗೆಯಬೇಕು. ಟೆನ್ನಿಸ್ ಅಂಗಳದಷ್ಟು ಜಾಗ ಅವನಿಗೆ ನಾಲ್ಕು ದಿನದವರೆಗೂ ಆಗಬಹುದು. ಇಲಿಗೆ ಅರ್ಧ ಗಂಟೆ. ಮೇಲೆ ಓಡಾಡಿದರೂ ಬಾಂಬ್ ಸಿಡಿಯದು, ಅಷ್ಟು ಹಗುರ.

ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಾವು ನಗುತ್ತೇವೆ. ಇಲ್ಲಿ ಇಲಿ ಹಿಡಿದು ನೆಲ ಅಗೆಯುತ್ತಾರೆ.

ನಮ್ಮ ಮುಂದೆ ಒಂದನ್ನು ಬಿಟ್ಟರು. ಎದೆಗೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ಎರಡು ತುದಿಗೆ ಇಬ್ಬರು. ಮೂಗು ನೆಲಕ್ಕೆ ಹಚ್ಚಿ ಆ ಕಡೆಯಿಂದ ಈ ಕಡೆಗೆ, ಥೇಟ್ ಉಳುವ ಸಾಲಿನ ಹಾಗೆ ಬಂತು. ಒಂದು ಕಡೆ ನಿಂತಿತು. ಮುಂಗಾಲಲ್ಲಿ ಪರಪರ ಕೆರೆಯಿತು. ಭಾವ ಮಗುವಿನ ಹಾಗೆ ಚಪ್ಪಾಳೆ ಹೊಡೆದರು! ಬಿಸಿಲಿಗೆ ಕಿವಿ ಸುಡಬಾರದು ಎಂದು ಇವಕ್ಕೆ ಸನ್‌ಸ್ಕ್ರೀನ್ ಬೇರೆ ಹಚ್ಚುತ್ತಾರಂತೆ. ಮಗಾವಾ ಎಂಬ ಇಲಿ ಇಲ್ಲಿ ಒಟ್ಟು 71 ನೆಲಬಾಂಬ್ ಹುಡುಕಿತ್ತು. 2020ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದರ ಚಿನ್ನದ ಪದಕವನ್ನೂ ಪಡೆಯಿತು. 2022ರ ಜನವರಿಯಲ್ಲಿ ತೀರಿಹೋಯಿತು. ನಾವು ಊರಿಗೆ ಬಂದ ಮೇಲೆ ಓದಿದ್ದು, ರೋನಿನ್ ಎಂಬ ಇನ್ನೊಂದು 109 ಹುಡುಕಿ ದಾಖಲೆ ಮಾಡಿದೆ.

ಗೋಡೆಯ ಮೇಲೆ ಒಟ್ಟಾವಾ ಒಪ್ಪಂದದ ಮಾತು ಇತ್ತು. ಮನುಷ್ಯರ ವಿರುದ್ಧದ ನೆಲಬಾಂಬ್ ಬೇಡ ಎಂದು 1997ರಲ್ಲಿ ಆದದ್ದು. 160ಕ್ಕೂ ಹೆಚ್ಚು ದೇಶ ಸೇರಿವೆ. ಹಿಂದಿನ ತಿಂಗಳಷ್ಟೇ ಅದರ ದೊಡ್ಡ ಸಮ್ಮೇಳನ ಇದೇ ಊರಲ್ಲಿ ನಡೆದಿತ್ತು. ಸೇರದವರ ಪಟ್ಟಿ: ಅಮೆರಿಕ, ರಷ್ಯಾ, ಚೀನಾ, ಪಾಕಿಸ್ತಾನ, ಭಾರತ. ಎರಡು ದಿನದಿಂದ ಇವರು ಹೀಗೆ ಮಾಡಿದರು, ಅವರು ಹಾಗೆ ಮಾಡಿದರು ಎಂದು ನಾನು ಒದರುತ್ತಿದ್ದೆ. ಬೇರೆಯವರ ತಟ್ಟೆಯ ನೊಣ ಕಂಡಿತ್ತು, ನಮ್ಮ ತಟ್ಟೆಯ ಹೆಗ್ಗಣ ಕಂಡಿರಲಿಲ್ಲ. (2025ರಲ್ಲಿ ಪೋಲೆಂಡ್, ಫಿನ್‌ಲ್ಯಾಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ರಷ್ಯಾ ಭಯಕ್ಕೆ ಒಪ್ಪಂದದಿಂದ ಹೊರಬರಲು ತೀರ್ಮಾನಿಸಿದವು.)

ಸಂಜೆ ತಾ ಪ್ರೋಮ್. ಮರದ ಬೇರು ಗೋಡೆ ನುಂಗಿರುವ ದೇವಸ್ಥಾನ. ಅಲ್ಲಿ ನಮ್ಮ ಪುರಾತತ್ವ ಇಲಾಖೆ ಜೀರ್ಣೋದ್ಧಾರ ಮಾಡಿದೆ. ದಾರಿ ಬದಿಯಲ್ಲಿ ಒಂದು ಚಪ್ಪರ, ಐದಾರು ಜನ ವಾದ್ಯ ನುಡಿಸುತ್ತಿದ್ದರು. ಎಲ್ಲರೂ ನೆಲಬಾಂಬ್‌ಗೆ ಸಿಕ್ಕವರು. ಒಬ್ಬರು ತಮ್ಮ ಕೃತಕ ಕಾಲನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು, ನಾವು ಜಗಲಿಯಲ್ಲಿ ಚಪ್ಪಲಿ ಬಿಡುವ ಹಾಗೆ. ನಮ್ಮ ಜೈಪುರ ಕಾಲು ಈ ದೇಶಕ್ಕೂ ಬಂದಿತ್ತು. ಬರಿಗಾಲಲ್ಲಿ ಗದ್ದೆಗೆ ಇಳಿಯಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು.

ಭಾವ ಅಲ್ಲೇ ಬೇರಿನ ಮೇಲೆ ಕೂತರು. ತುಂಬ ಹೊತ್ತಾದ ಮೇಲೆ ಮಾತಾಡಿದರು.

2001ರ ಕೊನೆಯಲ್ಲಿ ಸಂಸತ್ತಿನ ಮೇಲೆ ದಾಳಿ ಆಯಿತಲ್ಲ, ಆಗ ಅವರು ರಾಜಸ್ಥಾನದ ಗಡಿಯಲ್ಲಿದ್ದರು. ಆಪರೇಷನ್ ಪರಾಕ್ರಮ್. ಗಡಿಯ ಉದ್ದಕ್ಕೂ ಲಕ್ಷಗಟ್ಟಲೆ ನೆಲಬಾಂಬ್ ಹೂತರು. ರೈತರ ಹೊಲದಲ್ಲೇ. ಯುದ್ಧ ಆಗಲಿಲ್ಲ. ಹೂತದ್ದನ್ನೆಲ್ಲ ಮತ್ತೆ ತೆಗೆಯಬೇಕಾಯಿತು.

"ಹೂಳೋದು ಒಂದು ನಿಮಿಷದ ಕೆಲಸ. ತೆಗೆಯೋದು..." ಎಂದು ನಿಲ್ಲಿಸಿದರು. "ಮರಳು ನಡೀತದೆ ಕಣೋ. ದಿಬ್ಬ ಇವತ್ತು ಇಲ್ಲಿದ್ರೆ ನಾಳೆ ಅಲ್ಲಿ. ನಕ್ಷೇಲಿ ಇರೋ ಜಾಗದಲ್ಲಿ ಅದು ಇರಲ್ಲ. ನಮ್ಮ ಸಾಲಲ್ಲಿ ಒಂದು ಕಮ್ಮಿ ಬಂತು. ಒಂದೇ ಒಂದು. ಹನ್ನೊಂದು ದಿನ ಹುಡುಕಿದ್ವಿ. ಆ ಹೊಲದ ಯಜಮಾನ ದಿನಾ ಬೇಲಿ ಆಚೆ ಬಂದು ಕೂರ್ತಿದ್ದ. ಮುದುಕ. ಏನೂ ಕೇಳ್ತಿರ್ಲಿಲ್ಲ. ಟೀ ತರ್ತಿದ್ದ."

"ಸಿಕ್ತಾ?"

"ಸಿಕ್ತು. ಹನ್ನೆರಡನೇ ದಿನ ಅವನು ಹೊಲಕ್ಕೆ ಇಳಿದ. ನಮ್ಮ ಕ್ಯಾಂಪಲ್ಲಿ ಅವತ್ತು ಯಾರೂ ಊಟ ಮಾಡ್ಲಿಲ್ಲ, ಅವನು ಆ ಕಡೆ ಬದು ಮುಟ್ಟೋವರೆಗೂ."

ವಾದ್ಯದವರು ಹಾಡು ಬದಲಿಸಿದರು. ಭಾವ ಎದ್ದು ಡಬ್ಬಿಗೆ ದುಡ್ಡು ಹಾಕಿದರು. ಎಷ್ಟು ಎಂದು ನಾನು ನೋಡಲಿಲ್ಲ.

ರಾತ್ರಿ ಅಕ್ಕನಿಗೆ ವಿಡಿಯೋ ಕಾಲ್. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ಏನು ತಂದ್ರಿ ತೋರ್ಸಿ ಎಂದಳು. ರೇಷ್ಮೆ ನಿರೀಕ್ಷೆ ಇತ್ತೋ ಏನೋ. ಭಾವ ಅಪೋಪೊದಲ್ಲಿ ಮೊಮ್ಮಗಳಿಗೆಂದು ಕೊಂಡ ಬಟ್ಟೆಯ ಗೊಂಬೆಯನ್ನು ಕ್ಯಾಮೆರಾಕ್ಕೆ ಹಿಡಿದರು. ಕೆಂಪು ಪಟ್ಟಿ ಹಾಕಿದ ಇಲಿ.

"ಅಯ್ಯೋ, ಅಷ್ಟು ದೂರ ಹೋಗಿ ಹೆಗ್ಗಣ ತಂದ್ರಾ?"

"ಸುಮ್ನಿರೇ," ಎಂದರು ಭಾವ. "ಇದು ನಮ್ಮ ಡಿಪಾರ್ಟ್‌ಮೆಂಟು."